ನಂಗ್ಯಾಕೆ ಅಧ್ಯಕ್ಷಗಿರಿ

ನಾರ್‌ಶೋಪಿಂಗ್‌ನ ನಮ್ಮ ಕನ್ನಡ ಸಂಘಕ್ಕೆ ನಾನು ಆರು ವರ್ಷ ಕಾರ್ಯದರ್ಶಿ. ಆರು ವರ್ಷ ಎಂದರೆ ಹನ್ನೆರಡು ಹಬ್ಬ, ಲೆಕ್ಕವಿಲ್ಲದಷ್ಟು ಬಿಸಿಬೇಳೆಬಾತ್, ಮತ್ತು ಕೊಮ್ಯೂನ್‌ನವರಿಗೆ, ಅಂದರೆ ಇಲ್ಲಿನ ನಗರಸಭೆಗೆ, ಸ್ವೀಡಿಷ್‌ನಲ್ಲಿ ಬರೆದ ರಾಶಿ ರಾಶಿ ಪತ್ರ. ಹಾಲ್ ಬುಕ್ ಮಾಡುವವಳು ನಾನು, ಬೀಗದ ಕೈ ತರುವವಳು ನಾನು, ನೆಲದ ಮೇಲೆ ರಂಗೋಲಿ ಹಾಕಿದರೆ ಬೈತಾರೆ ಅಂತ ದೊಡ್ಡ ಕಾಗದದ ಮೇಲೆ ಹಾಕಿ ಅಂಟಿಸುವವಳೂ ನಾನೇ. ಕೆಲಸದ ಹಂಚಿಕೆಯನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಅಧ್ಯಕ್ಷರು ದೀಪ ಹಚ್ಚುತ್ತಾರೆ, ಹಾಲ್‌ನ ಹೊಗೆ ಅಲಾರಂ ಕೂಗದ ಹಾಗೆ ಕಾರ್ಯದರ್ಶಿ ನೋಡಿಕೊಳ್ಳುತ್ತಾಳೆ.

ಹೋದ ಚಳಿಗಾಲದಲ್ಲಿ ನಮ್ಮ ಅಧ್ಯಕ್ಷರಿಗೆ ಕಾರ್ಲ್‌ಸ್ಕ್ರೂನಾದಲ್ಲಿ ಹೊಸ ಕೆಲಸ ಸಿಕ್ಕಿತು. ಒಳ್ಳೆಯ ಮನುಷ್ಯರು. ಎಂಟು ವರ್ಷ ದೀಪ ಹಚ್ಚಿದ್ದಾರೆ, ಪ್ರತಿ ಸಲವೂ ಮೊದಲ ಬೆಂಕಿಕಡ್ಡಿ ಆರಿಹೋಗಿದೆ. ಅವರು ಊರು ಬಿಡುತ್ತಾರೆ ಎಂದು ಗೊತ್ತಾದ ದಿನ ನಾನು ಎಲ್ಲರೆದುರು "ಅಯ್ಯೋ ಸರ್, ನೀವಿಲ್ದೆ ಹೇಗೆ" ಎಂದು ಮುಖ ಸಣ್ಣ ಮಾಡಿಕೊಂಡೆ. ಮನೆಗೆ ಬಂದವಳೇ ಕನ್ನಡಿ ಮುಂದೆ ನಿಂತು, ಮೈಸೂರು ಪೇಟ ನನ್ನ ತಲೆಗೆ ಒಪ್ಪುತ್ತದೋ ಇಲ್ಲವೋ ಎಂದು ಟವೆಲ್ ಸುತ್ತಿ ನೋಡಿದೆ. ಸುಳ್ಳು ಯಾಕೆ ಹೇಳಲಿ, ನನಗೆ ಆ ಸ್ಥಾನ ಬೇಕಿತ್ತು. ಸಣ್ಣ ಮಟ್ಟಕ್ಕಲ್ಲ, ಹಸಿವಾದವರಿಗೆ ಊಟ ಬೇಕಾಗುವ ಹಾಗೆ ಬೇಕಿತ್ತು.

ಆದರೆ ಬೇಕು ಎಂದು ಬಾಯಿ ಬಿಟ್ಟು ಹೇಳುವ ಅಭ್ಯಾಸ ನಮ್ಮಲ್ಲಿ ಎಲ್ಲಿದೆ? ನಾನು ಬೆಂಗಳೂರಿನಲ್ಲಿ ಬೆಳೆದವಳು. ಪಕ್ಕದ ಮನೆಗೆ ಹೋದಾಗ "ಕಾಫಿ ಕುಡಿತೀಯಾ?" ಎಂದರೆ "ಬೇಡ ಆಂಟಿ, ಈಗ ತಾನೆ ಆಯ್ತು" ಅನ್ನಬೇಕು. ಎರಡನೇ ಸಲ ಕೇಳಿದರೆ "ಸುಮ್ನೆ ನಿಮಗ್ಯಾಕೆ ತೊಂದರೆ" ಅನ್ನಬೇಕು. ಮೂರನೇ ಸಲ ಕೇಳಿದಾಗ "ಸರಿ, ಅರ್ಧ ಲೋಟ" ಎಂದು ಒಪ್ಪಿ, ಬಂದ ಪೂರ್ತಿ ಲೋಟ ಕುಡಿಯಬೇಕು. ಮೊದಲ ಸಲವೇ ಹೂಂ ಅಂದರೆ ಅಮ್ಮ ಪಕ್ಕದಲ್ಲೇ ಕೂತು ತೊಡೆ ಚಿವುಟುತ್ತಿದ್ದಳು. ಆ ಚಿವುಟಿನ ಮೇಲೆ ನನ್ನ ವ್ಯಕ್ತಿತ್ವ ಕಟ್ಟಿದೆ ಎಂದರೂ ತಪ್ಪಿಲ್ಲ.

ಸ್ವೀಡನ್ನಿಗೆ ಬಂದ ಹೊಸದರಲ್ಲಿ ಆಫೀಸಿನ ಫೀಕಾದಲ್ಲಿ, ಅಂದರೆ ಕಾಫಿ ವಿರಾಮದಲ್ಲಿ, ಒಬ್ಬ ಸಹೋದ್ಯೋಗಿ ಕೇಕಿನ ತಟ್ಟೆ ಹಿಡಿದು "ಇನ್ನೊಂದು?" ಎಂದಳು. ನಾನು ಬೇಡ ಎಂದೆ. ಅವಳು ತಟ್ಟೆ ತೆಗೆದುಕೊಂಡು ಹೋಗಿಯೇ ಬಿಟ್ಟಳು! ಏಲಕ್ಕಿ ಹಾಕಿದ ಕೇಕ್. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಇಲ್ಲಿಯವರಿಗೆ ಬೇಡ ಎಂದರೆ ಬೇಡ, ಇದು ಅವತ್ತೇ ಅರ್ಥವಾಗಿತ್ತು. ಆಮೇಲೆ ಆಫೀಸಿನಲ್ಲಿ ನಾನು ತಪ್ಪಿಯೂ ಒಂದು ತಿಂಡಿಗೂ ಬೇಡ ಅಂದವಳಲ್ಲ.

ಅದೇ ದಿನಗಳಲ್ಲಿ ನಮ್ಮ ಮನೆಯ ಊಟದ ಮೇಜಿಗೆ ಅಮೆರಿಕದ ಒಬ್ಬ ಹಳೇ ಅಧ್ಯಕ್ಷ ಬಂದು ಕೂತ. ಹೈಸ್ಕೂಲು ಮುಗಿಸಿ ಮುಂದಿನ ತರಗತಿಯಲ್ಲಿರುವ ನನ್ನ ಮಗಳಿಗೆ ಇತಿಹಾಸದ ಕ್ಲಾಸಿನಲ್ಲಿ ಒಂದು ಭಾಷಣದ ಕೆಲಸ ಕೊಟ್ಟಿದ್ದರು. ಚೀಟಿ ಎತ್ತಿದಾಗ ಅವಳಿಗೆ ಸಿಕ್ಕವನು ಇವನು. ಆ ದೇಶ ಹುಟ್ಟಿದ ಕಾಲದವನು, ಅದರ ಮೊದಲ ವಿದೇಶಾಂಗ ಸಚಿವ, ಆಮೇಲೆ ಮೂರನೇ ಅಧ್ಯಕ್ಷ. ಸಚಿವನಾಗಿದ್ದವನು ಅಧ್ಯಕ್ಷನಾದದ್ದು ಹೇಗೆ ಎಂದು ಹತ್ತು ನಿಮಿಷ ಹೇಳಬೇಕು. ಮಗಳು ರಾತ್ರಿ ಊಟದ ಹೊತ್ತಿಗೆ ನಮ್ಮ ಮೇಲೆ ಅಭ್ಯಾಸ ಮಾಡುತ್ತಿದ್ದಳು. ಅವಳು ಕನ್ನಡ ಕೇಳಿಸಿಕೊಳ್ಳುತ್ತಾಳೆ, ಉತ್ತರ ಕೊಡುವುದು ಸ್ವೀಡಿಷ್‌ನಲ್ಲಿ. ಓದುವವರ ಅನುಕೂಲಕ್ಕೆ ನಾನು ಅವಳ ಬಾಯಲ್ಲೂ ಕನ್ನಡವನ್ನೇ ಇಡುತ್ತೇನೆ.

ಕಥೆ ಶುರುವಾದದ್ದೇ ತಡ, ಕೈಯಲ್ಲಿದ್ದ ಚಪಾತಿ ಮರೆತೆ. ಈ ಮಹಾಶಯ ಫ್ರಾನ್ಸ್‌ನಲ್ಲಿ ರಾಯಭಾರಿಯಾಗಿದ್ದು ಹಡಗಿನಲ್ಲಿ ಊರಿಗೆ ಮರಳುವಷ್ಟರಲ್ಲಿ ಮೊದಲನೇ ಅಧ್ಯಕ್ಷ ಇವನನ್ನು ಸಚಿವನೆಂದು ಹೆಸರಿಸಿಬಿಟ್ಟಿದ್ದಾನೆ. ಇವನು ಏನು ಮಾಡಬೇಕು? ಹೂಂ ಅನ್ನಲಿಲ್ಲ. ಹಿಂದೆ ಮುಂದೆ ನೋಡಿದ. ಅಧ್ಯಕ್ಷ ಇನ್ನೊಂದು ಪತ್ರ ಬರೆದ ಮೇಲೆ ಒಪ್ಪಿದ.

"ನೋಡಿದ್ರಾ!" ಎಂದೆ ಗಂಡನಿಗೆ. "ಎರಡನೇ ಸಲ ಕೇಳಿಸಿಕೊಂಡ. ಮನೆತನಸ್ಥ ಅಂದ್ರೆ ಇದು."

ಮುಂದೆ ಅದೇ ಮಂತ್ರಿಮಂಡಲದಲ್ಲಿದ್ದ ಖಜಾನೆಯ ಸಚಿವನಿಗೂ ಇವನಿಗೂ ಹಾವು ಮುಂಗುಸಿ. ಒಬ್ಬ ಏತಿ ಅಂದರೆ ಇನ್ನೊಬ್ಬ ಪ್ರೇತಿ. ಇದೂ ನನಗೆ ಬಹಳ ಹತ್ತಿರವಾಯಿತು, ಯಾಕೆಂದರೆ ನಮ್ಮ ಸಂಘಕ್ಕೂ ಒಬ್ಬರು ಖಜಾಂಚಿ ಇದ್ದಾರೆ. ಮಂಗಳೂರು ಕಡೆಯವರು. ಎಲ್ಲರ ಜೊತೆ ಬೆರೆತಾಗ ಬೆಂಗಳೂರು ಕನ್ನಡವನ್ನೇ ಆಡುತ್ತಾರೆ, ಸಿಟ್ಟು ಬಂದರೆ ಮಾತ್ರ "ಮಾರಾಯ್ರೆ" ಹೊರಗೆ ಬರುತ್ತದೆ. ರಾಜ್ಯೋತ್ಸವಕ್ಕೆ ಮಕ್ಕಳ ನಾಟಕ ಸಾಕು ಎಂದು ನಾನು ಹೇಳಿದರೆ, ಬೆಂಗಳೂರಿನಿಂದ ಗಾಯಕರನ್ನೇ ಕರೆಸಬೇಕು ಎಂದು ಅವರು. ನಾನು ಮಧ್ಯಾಹ್ನ ಎಂದರೆ ಅವರು ಸಂಜೆ. ಆರು ವರ್ಷದಲ್ಲಿ ನಾವಿಬ್ಬರೂ ಒಪ್ಪಿದ ಒಂದೇ ವಿಷಯ ಉಪ್ಪಿನಕಾಯಿ ಮನೆಯದೇ ಇರಬೇಕು ಎನ್ನುವುದು.

ಕೊನೆಗೆ ಆ ಅಮೆರಿಕದವನು ಸಾಕಪ್ಪಾ ಎಂದು ರಾಜೀನಾಮೆ ಕೊಟ್ಟು ಗುಡ್ಡದ ಮೇಲಿನ ತನ್ನ ಮನೆಗೆ ಹೋದ. ನನಗೆ ರಾಜಕೀಯ ಬೇಡ, ಹೊಲ ಸಾಕು, ಪುಸ್ತಕ ಸಾಕು ಅಂತ ಎಲ್ಲರಿಗೂ ಬರೆದ. ಚುನಾವಣೆ ಬಂದಾಗ ಮನೆಯಲ್ಲೇ ಕೂತ, ಒಂದು ಭಾಷಣ ಮಾಡಲಿಲ್ಲ. ಆ ಕಾಲದಲ್ಲಿ ನನಗೆ ಬೇಕು ಎಂದು ಹೇಳಿಕೊಳ್ಳುವುದು ಮಾನಗೇಡಂತೆ. ಸ್ನೇಹಿತರೇ ಓಡಾಡಿದರು. ಎರಡನೇ ಸ್ಥಾನ ಬಂತು, ಆಗಿನ ನಿಯಮದ ಪ್ರಕಾರ ಉಪಾಧ್ಯಕ್ಷನಾದ. ನಾಲ್ಕು ವರ್ಷದ ಮೇಲೆ ಮತ್ತೆ ಚುನಾವಣೆ. ತನ್ನದೇ ಪಕ್ಷದವನ ಜೊತೆ ಸರಿಸಮ ಮತ. ಸಂಸತ್ತಿನಲ್ಲಿ ಮೂವತ್ತಾರು ಸಲ ಮತ ಹಾಕಬೇಕಾಯಿತು. ಕಡೆಗೆ ಇವನನ್ನೇ ಆರಿಸಿ ಎಂದು ಓಡಾಡಿದವರಲ್ಲಿ ಆ ಹಳೇ ಶತ್ರು ಖಜಾನೆಯವನೂ ಇದ್ದ.

"ಅಮ್ಮ, ಅವನಿಗೆ ಅಧ್ಯಕ್ಷ ಆಗೋ ಆಸೆ ಇತ್ತಾ ಇಲ್ವಾ?" ಮಗಳು ಕೇಳಿದಳು.

"ಇಲ್ದೆ ಏನು. ಇತ್ತು."

"ಮತ್ತೆ ಬೇಡ ಬೇಡ ಅಂತ ಎಲ್ಲರಿಗೂ ಬರೆದದ್ದು ಸುಳ್ಳಾ?"

"ಸುಳ್ಳಲ್ಲ ಕಣೇ. ಮರ್ಯಾದೆ."

ಅವಳು ಮೊಸರನ್ನ ಕಲಸಿದಳು. "ಅವನ ಹೊಲದಲ್ಲಿ ದುಡಿತಿದ್ದವರು ಗುಲಾಮರು," ಎಂದಳು. "ಇವನನ್ನ ಎರಡು ಸಲ ಕೇಳಿದ್ರು, ಮೂರು ಸಲ ಕೇಳಿದ್ರು. ಅವರನ್ನ ಯಾರೂ ಒಂದು ಸಲಾನೂ ಕೇಳಲಿಲ್ಲ. ನನ್ನ ಭಾಷಣ ಅಲ್ಲಿಗೇ ಮುಗಿಯುತ್ತೆ."

ನನಗೆ ಆ ಹೊತ್ತಿಗೆ ಬೇಕಾಗಿದ್ದದ್ದು ಕಥೆಯ ಇನ್ನೊಂದು ತುದಿ ಮಾತ್ರ. ಮನೆಯಲ್ಲಿ ಕೂತು ಬೇಡ ಎನ್ನುತ್ತಿದ್ದರೂ ಪಟ್ಟ ತಾನಾಗಿ ಬಂದೀತು ಎನ್ನುವ ತುದಿ.

ಇಲ್ಲಿ ಯಾವುದೇ ಸಂಘವಾದರೂ, ಅದು ಮೀನು ಹಿಡಿಯುವವರದಾಗಲಿ ಕನ್ನಡದವರದಾಗಲಿ, ವಾರ್ಷಿಕ ಸಭೆಗೆ ಮುಂಚೆ ಇಬ್ಬರೋ ಮೂವರೋ ಇರುವ ಒಂದು ಆಯ್ಕೆ ಸಮಿತಿ ಕೆಲಸ ಮಾಡುತ್ತದೆ. ಅವರು ಒಬ್ಬೊಬ್ಬರಿಗೂ ಫೋನ್ ಮಾಡಿ, ಈ ಸ್ಥಾನ ಬೇಕಾ ಬೇಡವಾ ಎಂದು ಕೇಳಿ, ಬರೆದುಕೊಂಡು, ಸಭೆಯಲ್ಲಿ ಪಟ್ಟಿ ಮುಂದಿಡುತ್ತಾರೆ. ಸಭೆ ಹೂಂ ಅನ್ನುತ್ತದೆ, ಮರದ ಸುತ್ತಿಗೆ ಮೇಜಿಗೆ ಟಕ್ ಎನ್ನುತ್ತದೆ, ಮುಗಿಯಿತು. ನಮ್ಮ ಸಮಿತಿಯಲ್ಲಿ ಫೋನ್ ಮಾಡುವ ಕೆಲಸ ಧಾರವಾಡದ ದಂಪತಿಯ ಮಗಳದು. ಇಲ್ಲೇ ಹುಟ್ಟಿ ಬೆಳೆದವಳು, ಈಗ ತಾನೇ ಕೆಲಸಕ್ಕೆ ಸೇರಿದ್ದಾಳೆ. ಕನ್ನಡ ಚೆನ್ನಾಗಿ ಆಡುತ್ತಾಳೆ, ಲಂಗದಾವಣಿ ಹಾಕಿಕೊಂಡು ಕೋಲಾಟ ಆಡುತ್ತಾಳೆ, ನನ್ನನ್ನು ಆಂಟಿ ಎನ್ನುತ್ತಾಳೆ. ಆ ಆಂಟಿ ಎನ್ನುವುದೇ ನನ್ನನ್ನು ಕೆಡಿಸಿತು.

ಒಂದು ಮಂಗಳವಾರ ಮಧ್ಯಾಹ್ನ ಫೋನ್ ಬಂತು.

"ಆಂಟಿ, ನಾವು ಮೂರೂ ಜನ ಮಾತಾಡಿದ್ವಿ. ನೀವೇ ಪ್ರೆಸಿಡೆಂಟ್ ಆಗ್ಬೇಕು ಅಂತ ನಮಗೆಲ್ಲ ಅನ್ನಿಸ್ತು. ಆಗ್ತೀರಾ?"

ಎದೆಯಲ್ಲಿ ತಾಳ ಮದ್ದಳೆ. ಆದರೂ ಬಾಯಿ ತನ್ನ ಪಾಠ ತಾನು ಒಪ್ಪಿಸಿತು. "ಅಯ್ಯೋ, ನಂಗ್ಯಾಕಮ್ಮಾ ಅಧ್ಯಕ್ಷಗಿರಿ! ನಾನು ಏನೋ ಹಿಂದೆ ನಿಂತು ಕೆಲಸ ಮಾಡೋಳು. ಯಾರಾದ್ರೂ ಹಿರಿಯರು ಇದ್ರೆ ನೋಡು."

"ಓ. ಶ್ಯೂರಾ ಆಂಟಿ?"

ಇದು ಎರಡನೇ ಸಲ ಎಂದು ನಾನು ಎಣಿಸಿಕೊಂಡೆ. ಅವಳಿಗೆ ಅದು ಎರಡನೇ ಸಲವಲ್ಲ, ಅದೇ ಮೊದಲನೆಯದರ ಬಾಲ. "ಸುಮ್ನೆ ನನ್ ಯಾಕೆ ಎಳೀತೀಯಾ," ಎಂದೆ, ಆದಷ್ಟು ಮೆತ್ತಗೆ, ಬಾಗಿಲು ಸಂದಿ ಬಿಟ್ಟ ಹಾಗೆ.

"ಓಕೆ ಆಂಟಿ, ನಾನು ರೆಸ್ಪೆಕ್ಟ್ ಮಾಡ್ತೀನಿ. ಕ್ಲಿಯರ್ ಆಗಿ ಹೇಳಿದ್ದಕ್ಕೆ ಥ್ಯಾಂಕ್ಸ್! ಹೇ ಡೋ!" ಎಂದು ಇಲ್ಲಿಯವರ ಹಾಗೆ ಬೈ ಹೇಳಿ ಇಟ್ಟೇಬಿಟ್ಟಳು.

ನಾನು ಫೋನ್ ಕೈಯಲ್ಲೇ ಹಿಡಿದು ಕೂತಿದ್ದೆ. ಮತ್ತೆ ಮಾಡುತ್ತಾಳೆ, ಅಮ್ಮನನ್ನು ಕೇಳಿಕೊಂಡು ಮಾಡುತ್ತಾಳೆ. ಬುಧವಾರ ಮಾಡಲಿಲ್ಲ. ಗುರುವಾರ ಫೋನ್ ಬಂತು, ಹಲ್ಲಿನ ಡಾಕ್ಟರ ಆಸ್ಪತ್ರೆಯದು. ಶುಕ್ರವಾರ ನಾನೇ ಅವಳ ಅಮ್ಮನಿಗೆ ಫೋನ್ ಮಾಡಿ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದೆ. ಅರ್ಧ ಗಂಟೆ ಹಿಟ್ಟಿನ ಬಗ್ಗೆ ಮಾತಾಡಿದರೇ ಹೊರತು ಅಧ್ಯಕ್ಷಗಿರಿಯ ಸುದ್ದಿಯಿಲ್ಲ. ನಮ್ಮ ಮನೆಯಲ್ಲಿ ಆಮೇಲೆ ವಾರವಿಡೀ ರೊಟ್ಟಿ.

"ನೀನೇ ಬೇಡ ಅಂದೆ ತಾನೆ?" ಎಂದರು ನನ್ನ ಗಂಡ. "ಒಳ್ಳೇದಾಯ್ತು ಬಿಡು. ಇನ್ಮೇಲೆ ಶನಿವಾರ ಮನೇಲಿರ್ತೀಯ."

"ನಿಮಗಾದ್ರೂ ಗೊತ್ತಾಗ್ಬೇಡ್ವಾ? ಮದುವೆ ಆಗಿ ಹತ್ತೊಂಬತ್ತು ವರ್ಷ ಆಯ್ತು!"

"ಏನು ಗೊತ್ತಾಗ್ಬೇಕು?"

ನಾನು ಎದ್ದು ಹೋಗಿ ಕುಕ್ಕರ್ ತೊಳೆದೆ. ಸಿಟ್ಟು ಬಂದಾಗ ನಾನು ತೊಳೆದ ಪಾತ್ರೆ ಕನ್ನಡಿಯ ಹಾಗಿರುತ್ತದೆ.

ಹತ್ತು ದಿನಕ್ಕೆ ಸಭೆಯ ತಿಳಿವಳಿಕೆ ಪತ್ರ ಮೇಲ್‌ನಲ್ಲಿ ಬಂತು. ಅದನ್ನು ಎಲ್ಲರಿಗೂ ಕಳಿಸಬೇಕಾದವಳು ಕಾರ್ಯದರ್ಶಿ, ಅಂದರೆ ನಾನೇ. ಅಧ್ಯಕ್ಷ ಸ್ಥಾನಕ್ಕೆ ಸಮಿತಿಯ ಸಲಹೆ: ಖಜಾಂಚಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದದ್ದನ್ನು ನಾನು ಗಾದೆ ಎಂದುಕೊಂಡಿದ್ದೆ, ಅದು ನನ್ನ ಜಾತಕವಂತೆ. ಆ ಪತ್ರದ ಒತ್ತು ಕೊಂಬು ಎಲ್ಲ ತಿದ್ದಿ, ದಪ್ಪ ಅಕ್ಷರಗಳಲ್ಲಿ ಅವರ ಹೆಸರು ಹಾಕಿ, ಕಳಿಸು ಎನ್ನುವ ಗುಂಡಿ ಒತ್ತಿದೆ. ಒತ್ತಿ ಬಚ್ಚಲು ಮನೆಗೆ ಹೋಗಿ ಅತ್ತೆ. ನಲವತ್ತೆಂಟು ವರ್ಷದ ಹೆಂಗಸು, ಒಂದು ಸಂಘದ ಅಧ್ಯಕ್ಷಗಿರಿಗೆ ಅತ್ತೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅತ್ತದ್ದು ನಿಜ.

ಮಗಳ ಭಾಷಣ ಆ ವಾರವೇ ಆಯಿತು. ಚೆನ್ನಾಗಿಯೇ ಆಯಿತಂತೆ. ನಾನು ಸರಿಯಾಗಿ ಕೇಳಲೂ ಇಲ್ಲ.

ಸಭೆ ಮಾರ್ಚ್ ತಿಂಗಳ ಒಂದು ಶನಿವಾರ ಮಧ್ಯಾಹ್ನ. ಹೊರಗೆ ಹಿಮ ಕರಗಿ ಕೆಸರು. ಬಾಗಿಲಲ್ಲಿ ಎಲ್ಲರ ಬೂಟುಗಳ ಗುಡ್ಡೆ. ನಾನು ಎಂದಿನಂತೆ ಮುಂದಿನ ಮೇಜಿನಲ್ಲಿ ನಡಾವಳಿ ಬರೆಯಲು ಪುಸ್ತಕ ತೆರೆದು ಕೂತೆ. ಪಕ್ಕದಲ್ಲಿ ಹಳೆಯ ಅಧ್ಯಕ್ಷರು, ಕೈಯಲ್ಲಿ ಸುತ್ತಿಗೆ. ಮೂರನೇ ಸಾಲಿನಲ್ಲಿ ಖಜಾಂಚಿ, ಹೊಸ ರೇಷ್ಮೆ ಜುಬ್ಬ ತೊಟ್ಟು. ನಮ್ಮ ಸಂಘದ ಸಭೆಗೆ ಯಾರೂ ರೇಷ್ಮೆ ಹಾಕಿಕೊಂಡು ಬಂದದ್ದಿಲ್ಲ. ಅವರ ಹೆಂಡತಿ ಮಡಿಲಲ್ಲಿ ಒಂದು ದೊಡ್ಡ ಸ್ಟೀಲ್ ಡಬ್ಬಿ ಇಟ್ಟುಕೊಂಡಿದ್ದರು. ತುಪ್ಪದ ವಾಸನೆ ಮುಂದಿನವರೆಗೂ ಬರುತ್ತಿತ್ತು. ನೋಡಿ ನನಗೆ ಮೈಯೆಲ್ಲ ಉರಿಯಿತು.

ಧಾರವಾಡದವರ ಮಗಳು ಎದ್ದು ನಿಂತಳು. "ನಾವು ಮೊದಲು ಸೆಕ್ರೆಟರಿ ಆಂಟೀನ ಕೇಳಿದ್ವಿ. ಅವರು ಬೇಡ, ಹಿರಿಯರು ಯಾರಾದ್ರೂ ಆಗ್ಲಿ ಅಂದ್ರು. ಆಮೇಲೆ ಖಜಾಂಚಿ ಅಂಕಲ್‌ನ ಕೇಳಿದ್ವಿ. ಅವರೂ ಬೇಡ ಅಂದ್ರು. ನಾನು ಅವರಿಗೆ ಮತ್ತೆ ಫೋನ್ ಮಾಡ್ತಿರಲಿಲ್ಲ, ನಮ್ಮಮ್ಮನೇ ಹಾಗಲ್ಲ, ಇನ್ನೊಂದೆರಡು ಸಲ ಕೇಳು ಅಂದ್ರು. ಮೂರನೇ ಸಲಕ್ಕೆ ಒಪ್ಪಿದ್ರು."

ಎಲ್ಲರೂ ನಕ್ಕರು. ನಾನೂ ಹಲ್ಲು ಬಿಟ್ಟೆ. ಅಂದರೆ ನನ್ನ ಪಾಲಿನ ಎರಡನೇ ಫೋನೂ ಮೂರನೇ ಫೋನೂ ಅವರ ಮನೆಗೆ ಹೋಗಿದ್ದವು! ಹಿಂದಿನ ಸಾಲಿನಲ್ಲಿ ಯಾರೋ ನನ್ನ ಕಡೆ ನೋಡಿ "ಎಂಥ ದೊಡ್ಡ ಮನಸ್ಸು ಇವರದು, ಆರು ವರ್ಷ ದುಡಿದೂ ಕುರ್ಚಿ ಬೇಡ ಅಂದ್ರು" ಎಂದರು. ದೊಡ್ಡ ಮನಸ್ಸಂತೆ.

ತಲೆ ತಗ್ಗಿಸಿ ಪುಸ್ತಕದಲ್ಲಿ ಬರೆದೆ: ಅಧ್ಯಕ್ಷ ಸ್ಥಾನವನ್ನು ಕಾರ್ಯದರ್ಶಿಯವರು ನಿರಾಕರಿಸಿದರು. ಬರೆದದ್ದನ್ನು ಓದಿದೆ. ನನ್ನ ಅಕ್ಷರ ದುಂಡಗಿದೆ, ಎಲ್ಲರೂ ಹೊಗಳುತ್ತಾರೆ. ಇಷ್ಟು ದುಂಡಗಿನ ಅಕ್ಷರದಲ್ಲಿ ಇಷ್ಟು ದೊಡ್ಡ ಸುಳ್ಳನ್ನು ಆ ಪುಸ್ತಕದಲ್ಲಿ ನಾನು ಬರೆದಿರಲಿಲ್ಲ.

"ಬೇರೆ ಸಲಹೆ ಏನಾದ್ರೂ ಇದ್ಯಾ?" ಅಧ್ಯಕ್ಷರು ಕೇಳಿದರು. ಸುತ್ತಿಗೆ ಎತ್ತಿದರು. ನಾನು ಗಂಡನ ಕಡೆ ನೋಡಿದೆ. ಅವರು ನನ್ನ ಕಡೆ ನೋಡಿ, ಇನ್ನೇನು ಮುಗಿಯಿತು ಎನ್ನುವಂತೆ ನಕ್ಕರು. ಮಗಳು ಕೊನೆಯ ಸಾಲಿನಲ್ಲಿ ಫೋನಿನಲ್ಲಿ ಮುಳುಗಿದ್ದಳು. ಗುಡ್ಡದ ಮೇಲಿನ ಮನೆಯಲ್ಲಿ ಕೂತವನಿಗೆ ಓಡಾಡುವ ಸ್ನೇಹಿತರಿದ್ದರು. ನನಗೆ ಆ ಹಾಲ್‌ನಲ್ಲಿ ಒಬ್ಬರೂ ಕಾಣಲಿಲ್ಲ.

ಎದ್ದು ನಿಂತೆ. "ಇದೆ," ಎಂದೆ. "ನಾನು. ನಂಗೆ ಬೇಕು."

ಮಗಳು ಫೋನಿನಿಂದ ತಲೆ ಎತ್ತಿದಳು. ಅಮ್ಮ ಬದುಕಿದ್ದು ಪಕ್ಕದಲ್ಲಿದ್ದಿದ್ದರೆ ತೊಡೆಯ ಮಾಂಸವೇ ಕಿತ್ತುಬರುವ ಹಾಗೆ ಚಿವುಟುತ್ತಿದ್ದಳು. "ಬೇಡ ಅಂದಿದ್ದು ಸುಮ್ನೆ ಮಾತಿಗೆ," ಎಂದೆ. "ನಂಗೆ ಬೇಕಾಗಿತ್ತು. ಈಗ್ಲೂ ಬೇಕು. ವೋಟಿಗೆ ಹಾಕಿ."

ಧಾರವಾಡದವರ ಮಗಳು ಬಾಯಿ ತೆರೆದು ನಿಂತೇ ಇದ್ದಳು. "ಆಂಟಿ, ಹಾಗಾದ್ರೆ ನೀವು ಅವತ್ತೇ ಯಾಕೆ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಅವಳ ಅಮ್ಮ ಹಣೆ ಚಚ್ಚಿಕೊಂಡರು.

ಖಜಾಂಚಿಯವರು ಎದ್ದರು. ಈಗ ಜಗಳವಾಗುತ್ತದೆ, ಆಗಲಿ, ಆರು ವರ್ಷದ್ದೆಲ್ಲ ಒಟ್ಟಿಗೇ ಆಗಲಿ ಎಂದು ನಾನು ಸೆರಗು ಸಿಕ್ಕಿಸಿದೆ. ಅವರು ನಕ್ಕರು. ಎರಡೂ ಕೈ ಮುಂದೆ ಚಾಚಿದರು.

"ಎಂಥದು ಮಾರಾಯ್ರೆ, ಮೊದ್ಲೇ ಹೇಳುದಲ್ವಾ!" ಎಂದರು. "ನಿಮಗೆ ಮನಸ್ಸುಂಟಾದ್ರೆ ನೀವೇ ಆಗಿ. ವೋಟು ಗೀಟು ಎಲ್ಲ ಎಂಥಕ್ಕೆ? ಆರು ವರ್ಷ ಮಾಡಿದ್ದು ನೀವು. ನಂಗೆ ಎಂಥಕ್ಕೆ ಅಧ್ಯಕ್ಷಗಿರಿ?"

ಹಾಲ್‌ ತುಂಬ ಚಪ್ಪಾಳೆ. ಎಲ್ಲರಿಗೂ ನಿರಾಳ, ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಈಗ ನಾನೇನು ಹೇಳಬೇಕು ಎಂದು ನನಗೂ ಗೊತ್ತಿತ್ತು, ಅಲ್ಲಿ ಕೂತಿದ್ದ ನಲವತ್ತು ದಾಟಿದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಇಲ್ಲ ಇಲ್ಲ, ಸಮಿತಿ ನಿಮ್ಮನ್ನ ಆರಿಸಿದೆ, ನೀವೇ ಆಗಿ ಎನ್ನಬೇಕು. ಅವರು ಛೆ ಛೆ ಎನ್ನುತ್ತಾರೆ. ಮತ್ತೆ ನಾನು ನಿಜವಾಗ್ಲೂ ಹೇಳಿ ಎನ್ನಬೇಕು.

"ಸರಿ," ಎಂದೆ. "ಥ್ಯಾಂಕ್ಸ್."

ಅವರ ಚಾಚಿದ ಕೈಗಳು ಒಂದು ಕ್ಷಣ ಹಾಗೇ ಇದ್ದವು. ಆಮೇಲೆ ಬಲಗೈ ಜುಬ್ಬದ ಜೇಬಿಗೆ ಹೋಯಿತು. ಅಲ್ಲಿಂದ ಮಡಿಸಿದ ಒಂದು ಹಾಳೆ ಅರ್ಧ ಇಣುಕುತ್ತಿತ್ತು, ಎರಡೂ ಕಡೆ ಬರೆದದ್ದು. ಅದನ್ನು ಎರಡು ಬೆರಳಿನಿಂದ ಒಳಗೆ ತಳ್ಳಿದರು. ಕೂರುವಾಗ ಇನ್ನೂ ನಗುತ್ತಲೇ ಇದ್ದರು. ಆ ನಗು ನನಗೆ ಚೆನ್ನಾಗಿ ಗೊತ್ತು. ಆ ಮಂಗಳವಾರ ಫೋನ್ ಇಟ್ಟ ಮೇಲೆ ನಾನು ಅದೇ ನಗು ಹೊತ್ತುಕೊಂಡು ಅರ್ಧ ಗಂಟೆ ಕೂತಿದ್ದೆ. ಅವರ ಹೆಂಡತಿ ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಒತ್ತಿ ಭದ್ರ ಮಾಡಿದರು.

ಹಳೆಯ ಅಧ್ಯಕ್ಷರು ಸುತ್ತಿಗೆ ಎತ್ತಿ ಹಿಡಿದು ನನ್ನನ್ನು ನೋಡಿದರು. ಸ್ವಲ್ಪ ಜಾಸ್ತಿ ಹೊತ್ತೇ ನೋಡಿದರು. ಒಂದು ಮಾತಿಗೆ ಸಮಯವಿತ್ತು. ನಿಮಗೂ ಆಸೆ ಇತ್ತಾ ಎಂದು ಖಜಾಂಚಿಯವರನ್ನು ಕೇಳುವಷ್ಟು.

ಕೇಳಿದ್ದರೆ ಹೂಂ ಅಂದುಬಿಡುತ್ತಿದ್ದರು. ಅದು ಗೊತ್ತಿದ್ದೇ ನಾನು ಕೇಳಲಿಲ್ಲ.